ಮಣ್ಣು ಪರೀಕ್ಷೆ: ಮೊದಲು ರಸಸಾರ ನೋಡಿ, ಆಮೇಲೆ ಎನ್‌ಪಿಕೆ

ಮಣ್ಣು ಆರೋಗ್ಯ ಕಾರ್ಡ್‌ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ಸಾರಜನಕ, ರಂಜಕ, ಪೊಟ್ಯಾಷ್‌ (ಎನ್‌ಪಿಕೆ) ಕಡೆಗೆ. ‘ಕಡಿಮೆ’ ಎಂದಿದ್ದರೆ ಒಂದು ಚೀಲ ಜಾಸ್ತಿ ಸುರಿಯುತ್ತೇವೆ. ಆದರೆ ಕಾರ್ಡಿನ 12 ಅಂಶಗಳಲ್ಲಿ ರಸಸಾರ (ಪಿಎಚ್‌; ಇಳಿದಷ್ಟೂ ಮಣ್ಣು ಹುಳಿ, ಏರಿದಷ್ಟೂ ಕ್ಷಾರ), ಲವಣಾಂಶ, ಸಾವಯವ ಇಂಗಾಲ ಈ ಮೂರನ್ನು ನೋಡದೆ ಉಳಿದ ಒಂಬತ್ತನ್ನು ನಂಬಿ ಗೊಬ್ಬರ ಕೊಳ್ಳುವುದು ದುಡ್ಡು ದಂಡ.

ಮಾದರಿ ತೆಗೆಯುವುದು

ಕೊಯ್ಲು ಮುಗಿದು, ಮುಂದಿನ ಬೆಳೆಗೆ ಗೊಬ್ಬರ ಹಾಕುವ ಮುನ್ನ ತೆಗೆಯಿರಿ. ಒಂದೇ ಬಗೆಯ ಮಣ್ಣಿರುವ ತಾಕಿನಲ್ಲಿ ಅಂಕುಡೊಂಕಾಗಿ ನಡೆದು 8–10 ಕಡೆ ಗುರುತು ಮಾಡಿ. ಬದು, ತಿಪ್ಪೆಯಿದ್ದ ಜಾಗ, ಮರದ ಬುಡ ಬೇಡ. ಕಸಕಡ್ಡಿ ಸರಿಸಿ ‘ವಿ’ ಆಕಾರದಲ್ಲಿ 15 ಸೆಂ.ಮೀ. ಆಳ ತೋಡಿ, ಗುಂಡಿಯ ಒಂದು ಪಕ್ಕದಿಂದ ಮೇಲಿಂದ ಕೆಳತನಕ 2 ಸೆಂ.ಮೀ. ದಪ್ಪ ಮಣ್ಣು ಕೆತ್ತಿಕೊಳ್ಳಿ. ಎಲ್ಲವನ್ನೂ ಪ್ಲಾಸ್ಟಿಕ್‌ ಹಾಳೆಯ ಮೇಲೆ ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ, ಅರ್ಧ ಕೆ.ಜಿ. ಉಳಿಯುವ ತನಕ ಹೀಗೇ ಮಾಡಿ. ನೆರಳಿನಲ್ಲಿ ಒಣಗಿಸಿ. ತುಕ್ಕು ಹಿಡಿದ ಗುದ್ದಲಿಯಿಂದ ಕಬ್ಬಿಣದ ಲೆಕ್ಕ ಕೆಡುತ್ತದೆ, ತಗಡಿನ ಬಕೆಟ್ಟಿನಿಂದ ಸತುವಿನದು. ಹಳೇ ಯೂರಿಯಾ ಚೀಲದಲ್ಲಿ ತುಂಬಿದರಂತೂ ಪರೀಕ್ಷೆಯೇ ವ್ಯರ್ಥ.

ರಸಸಾರ

6.5ರಿಂದ 7.5 ಇದ್ದರೆ ನಿಶ್ಚಿಂತೆ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ 5.5ಕ್ಕೂ ಇಳಿಯುವುದುಂಟು. ಅಲ್ಲಿ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊದಲು ಶಿಫಾರಸಿನಷ್ಟು ಕೃಷಿ ಸುಣ್ಣ ಕೊಡಿ, ಎರಡು–ಮೂರು ವಾರ ಬಿಟ್ಟು ಗೊಬ್ಬರ.

ಉತ್ತರ ಕರ್ನಾಟಕದ ಎರೆ ನೆಲದಲ್ಲಿ ಕಥೆ ತಿರುವುಮುರುವು. 8 ದಾಟಿದ ಮಣ್ಣಿನಲ್ಲಿ ರಂಜಕವನ್ನು ಕಟ್ಟಿಹಾಕುವುದು ಸುಣ್ಣ. ಕಬ್ಬಿಣ, ಸತು ಮಣ್ಣಿನಲ್ಲಿ ಇದ್ದೂ ಬೇರಿಗೆ ಸಿಗುವುದಿಲ್ಲ. ಶೇಂಗಾದ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಯೂರಿಯಾ ಕೊಟ್ಟರೆ ಹೋಗದು. ಕಬ್ಬಿಣದ ಸಲ್ಫೇಟ್‌ ಮಣ್ಣಿಗೆ ಹಾಕಿದರೂ ಬೇಗ ಕಟ್ಟಿಹೋಗುತ್ತದೆ, ಲೀಟರಿಗೆ 5 ಗ್ರಾಂ ಬೆರೆಸಿ ಎಲೆಗೇ ಸಿಂಪಡಿಸಿ. ಇಂಥ ಹೊಲಕ್ಕೆ ರಸಸಾರ ಇಳಿಸಲೆಂದು ಜಿಪ್ಸಮ್‌ ಹೇರುವವರಿದ್ದಾರೆ. ಜಿಪ್ಸಮ್‌ ಕೆಲಸ ಮಾಡುವುದು ಸೋಡಿಯಂ ಹೆಚ್ಚಿದ ಚೌಳು ನೆಲದಲ್ಲಿ. ಸುಣ್ಣದಿಂದ ಏರಿದ ರಸಸಾರವನ್ನು ಅದು ಇಳಿಸದು.

ಇಂಗಾಲ ಮತ್ತು ಮಣ್ಣಿನ ಕಣ

ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ರ ಮೇಲಿದ್ದರೆ ಹೆಚ್ಚು. ಸಾರಜನಕ ಹೆಕ್ಟೇರಿಗೆ 280 ಕೆ.ಜಿ.ಗಿಂತ ಕಡಿಮೆ ಎಂದು ಬಂದರೆ ಇಂಗಾಲವನ್ನೂ ನೋಡಿ; ಸಾಮಾನ್ಯವಾಗಿ ಅದೂ ಕೆಳಗೇ ಇರುತ್ತದೆ. ಅಲ್ಲಿ ಯೂರಿಯಾದ ಜತೆ ಕೊಟ್ಟಿಗೆ ಗೊಬ್ಬರ, ಇಲ್ಲವೇ ಹಸಿರು ಗೊಬ್ಬರವಾಗಿ ಮಣ್ಣಿಗೆ ಸೇರಿಸುವ ಸೆಣಬು ಅಥವಾ ಡಯಂಚ ಬೇಕೇಬೇಕು.

ಒದ್ದೆ ಮಣ್ಣನ್ನು ಬೆರಳಲ್ಲಿ ಹೊಸೆದು ನೋಡಿ. ಉದ್ದನೆಯ ಪಟ್ಟಿ ಬಂದರೆ ಜೇಡಿ, ಪೋಷಕಾಂಶ ಹಿಡಿದಿಡುತ್ತದೆ. ಪುಡಿಪುಡಿಯಾದರೆ ಮರಳು, ಮಳೆಗೆ ಸಾರಜನಕ ಕೆಳಗಿಳಿದುಹೋಗುತ್ತದೆ, ಯೂರಿಯಾವನ್ನು ಮೂರು ಕಂತಾದರೂ ಮಾಡಿ.

ಸಣ್ಣ ಅಂಶಗಳು

2009ರಲ್ಲಿ ಶುರುವಾದ, ಒಣಬೇಸಾಯಕ್ಕೆಂದೇ ರಾಜ್ಯ ಸರ್ಕಾರ ತಂದ ಭೂಚೇತನ ಯೋಜನೆಯ ಪರೀಕ್ಷೆಗಳಲ್ಲಿ ರಾಜ್ಯದ ಒಣಬೇಸಾಯದ ಹೊಲಗಳಲ್ಲಿ ಗಂಧಕ, ಸತು, ಬೋರಾನ್‌ ಕೊರತೆ ವ್ಯಾಪಕವಾಗಿ ಕಂಡಿತ್ತು. ಸತು 0.6 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ ಎಷ್ಟು ಪಾಲು ಎಂಬ ಅಳತೆ) ಕಡಿಮೆಯಿದ್ದರೆ ಎಕರೆಗೆ 10 ಕೆ.ಜಿ. ಸತುವಿನ ಸಲ್ಫೇಟ್‌ ಸಾಕು. ರಂಜಕವಿರುವ ಡಿಎಪಿ ಗೊಬ್ಬರದ ಜತೆ ಬೆರೆಸಬೇಡಿ. ರಂಜಕದೊಂದಿಗೆ ಸೇರಿ ಗಟ್ಟಿಯಾಗಿ ಎರಡೂ ಬೇರಿಗೆ ದಕ್ಕುವುದಿಲ್ಲ.