ಮೂರು ಭಾಷೆಗೆ ಒಂದೇ ಖಾಲಿ ಬಲೂನು

ಕನ್ನಡದಲ್ಲಿ ದುಡ್ಡು ಕೊಟ್ಟು ಕಾಮಿಕ್ಸ್ ಯಾರು ಓದ್ತಾರೆ, ಅದೂ ಮೊಬೈಲಲ್ಲಿ? ಫ್ರೆಂಚ್ ಕಾಮಿಕ್ಸನ್ನು ತೆಲುಗು, ಮಲಯಾಳದ ಪ್ರಕಾಶಕರ ಜೊತೆ ಸೇರಿ ಮೊಬೈಲಿಗೆ ತರುತ್ತೇನೆ ಅಂದಾಗ ಪ್ರಕಾಶಕ ಮಿತ್ರರು ನನ್ನನ್ನು ಕೇಳಿದ್ದು ಇದನ್ನೇ. ಮೂವರು ಪ್ರಕಾಶಕರು ಜಗಳವಾಡದೆ ಲೆಕ್ಕ ಹಂಚಿಕೊಂಡದ್ದು ಎಲ್ಲಾದರೂ ಉಂಟಾ ಅಂತ ನಕ್ಕವರೂ ಇದ್ದರು. ಈಗ ನಾಲ್ಕು ಆಲ್ಬಮ್, ಅಂದರೆ ನಾಲ್ಕು ಕಾಮಿಕ್ಸ್ ಪುಸ್ತಕ, ಹೊರಬಂದಿವೆ. ಹಾಕಿದ ದುಡ್ಡು ವಾಪಸ್ ಬಂದು, ಮೇಲೆ ಸ್ವಲ್ಪ ಉಳಿದಿದೆ. ನಕ್ಕವರೇ ಫೋನ್ ಮಾಡಿ ವಿವರ ಕೇಳುತ್ತಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ.

ಶಿವಕಾಶಿಯ ಮುತ್ತು ಕಾಮಿಕ್ಸ್ 1972ರಲ್ಲೇ ಹೊರದೇಶದ ಕಾಮಿಕ್ಸನ್ನು ತಮಿಳಿಗೆ ತರಲು ಶುರು ಮಾಡಿತು. ಅಲ್ಲಿ ಅಪ್ಪ ಓದಿದ್ದನ್ನು ಮಗ ಓದುತ್ತಾನೆ. ನಮಗೆ ಅಂಥ ಓದುಗರ ಬಳಗ ಇಲ್ಲ. ಹಾಗಾಗಿ ಮಾರಾಟವನ್ನು ನಂಬಿ ಕೂರುವ ಬದಲು ಖರ್ಚನ್ನೇ ಇಳಿಸಬೇಕಿತ್ತು.

ಖರ್ಚು ಜಾಸ್ತಿ ಆಗುವುದು ಅನುವಾದಕ್ಕಲ್ಲ. 48 ಪುಟದ ಒಂದು ಫ್ರೆಂಚ್ ಆಲ್ಬಮ್ಮಿಗೆ ಹಕ್ಕುದಾರರು ಮೊದಲು ಕೇಳಿದ ಮುಂಗಡ 500 ಯೂರೋ ಆಸುಪಾಸು. ಅದರ ಮೇಲೆ ರಾಯಲ್ಟಿ. ಚಿತ್ರದ ಫೈಲಿಗೆ ಬೇರೆ ದುಡ್ಡು. ಅಕ್ಷರದ ಲೇಯರ್ (ಪದರ) ಚಿತ್ರದಿಂದ ಬೇರೆ ಇರುವ ಫೈಲ್ ಸಿಕ್ಕರೆ ಅರ್ಧ ಗೆದ್ದಂತೆ. ನಮಗೆ ಸಿಕ್ಕ ಹಳೆಯ ಆಲ್ಬಮ್ಮುಗಳಲ್ಲಿ ಎಲ್ಲವೂ ಅಂಟಿಕೊಂಡೇ ಇತ್ತು. ಬಲೂನು, ಅಂದರೆ ಪಾತ್ರದ ಮಾತು ಬರೆಯುವ ಗುಳ್ಳೆ, ಒರೆಸಬೇಕು. ಚಿತ್ರದ ಮೇಲೇ ಬಿಡಿಸಿದ ಗುಂಡಿನ ಸದ್ದು, ಬಾಗಿಲಿನ ಸದ್ದು ಅಳಿಸಿ ಹಿಂದಿನ ಗೋಡೆ, ಮರ ಮತ್ತೆ ಬರೆಯಬೇಕು. ಪುಟಕ್ಕೆ 250–300 ರೂಪಾಯಿ ಬಿತ್ತು. ಒಬ್ಬನೇ ಕೈ ಹಾಕಿದ್ದರೆ ಮುಳುಗುತ್ತಿದ್ದೆ.

ತೆಲುಗಿನವರೊಬ್ಬರು, ಮಲಯಾಳದವರೊಬ್ಬರು ಜೊತೆ ಸೇರಿದರು. ಕರಾರು ಮೂರು, ಮಾತುಕತೆ ಒಂದೇ. ಖಾಲಿ ಬಲೂನಿನ ಪುಟ ಒಮ್ಮೆ ತಯಾರಾದರೆ ಮೂರು ಭಾಷೆಗೂ ಅದೇ. ಫೈಲ್ ಹಂಚಿಕೊಳ್ಳಬಹುದು ಅನ್ನುವ ಸಾಲನ್ನು ಕರಾರಿನಲ್ಲೇ ಹಾಕಿಸಿ, ಬಾಯಿಮಾತು ಬೇಡ. ಮುಂಗಡವನ್ನು ಅರ್ಧಕ್ಕೂ ಕೆಳಗೆ ಇಳಿಸಿದ್ದು ಹೇಗೆ ಅಂತ ಮಾತ್ರ ಕೇಳಬೇಡಿ. ಮುಂದಿನ ಸರಣಿಯ ಚೌಕಾಸಿ ಇನ್ನೂ ನಡೆದಿದೆ.

ಲೆಟರಿಂಗ್, ಅಂದರೆ ಬಲೂನಿನಲ್ಲಿ ಅಕ್ಷರ ಕೂರಿಸುವುದು, ಬೆವರಿಳಿಸಿತು. ಬಲೂನಿಗೆ ನಾಲ್ಕು ಸಾಲು ಫ್ರೆಂಚ್ ಇದ್ದ ಕಡೆ ಕನ್ನಡ ಮೂರು ಸಾಲು ಕೂರುವುದೇ ಕಷ್ಟ. ಸಾಲು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಫೋನಿನಲ್ಲಿ ಅದು ಬರೀ ಕಪ್ಪು ಚುಕ್ಕೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಮಾಡಿಸಿದ ಮೊದಲ ಆಲ್ಬಮ್ಮನ್ನು ಪೂರ್ತಿ ಕೈಬಿಟ್ಟು ಯೂನಿಕೋಡಿಗೆ ಬಂದೆವು. ಬಾಲೂ ತಮ್ಮ, ಅಕಾಯಾ ಕನಡಕ ಅನ್ನುವ ಫಾಂಟು ಎರಡನ್ನೂ ನೋಡಿದೆವು. ಕೊನೆಗೆ ಬಳಸಿದ್ದು ಒಂದು ಫಾಂಟಿನ ಒತ್ತುಗಳನ್ನು ಕುಗ್ಗಿಸಿ ನಾವೇ ಮಾಡಿಕೊಂಡ ರೂಪ. ಎಷ್ಟು ಕುಗ್ಗಿಸಿದೆವು ಅನ್ನುವುದು ಅಕ್ಷರ ಕೂರಿಸುವ ನಮ್ಮ ಹುಡುಗನ ಗುಟ್ಟು.

ಓದಿಸುವುದು ಇನ್ನೊಂದು ತಲೆನೋವು. ಒಂದು ದೊಡ್ಡ ಇ-ಪುಸ್ತಕದ ಅಂಗಡಿ ಕನ್ನಡವನ್ನೇ ತೆಗೆದುಕೊಳ್ಳಲಿಲ್ಲ. ಸುಮ್ನೆ ಪಿಡಿಎಫ್ ಮಾಡಿ ಮೂವತ್ತು ಜನಕ್ಕೆ ಕಳಿಸಿದೆವು. ಹಿಗ್ಗಿಸಿ, ಸರಿಸಿ, ಹಿಗ್ಗಿಸಿ ಬೇಸತ್ತು ಹೆಚ್ಚಿನವರು ಹತ್ತನೇ ಪುಟಕ್ಕೇ ಬಿಟ್ಟರು. ಪ್ಯಾನಲ್, ಅಂದರೆ ಪುಟದ ಒಂದೊಂದು ಚಿತ್ರದ ಚೌಕ, ಕತ್ತರಿಸಿ ಮೇಲಿಂದ ಕೆಳಕ್ಕೆ ಜೋಡಿಸಿ ತೋರಿಸಿದರೆ ಹಕ್ಕುದಾರರು ಒಪ್ಪಲಿಲ್ಲ. ಕಲಾವಿದ ಜೋಡಿಸಿದ ಪುಟ ಹಾಗೇ ಇರಬೇಕಂತೆ. ಅವರು ಹೇಳಿದ್ದೂ ಸರಿಯೇ. ಕೊನೆಗೆ ಪುಟ ಇಡಿಯಾಗಿಯೇ ಉಳಿಯಿತು. ಬೆರಳು ಒತ್ತಿದರೆ ಒಂದೊಂದೇ ಪ್ಯಾನಲ್ ದೊಡ್ಡದಾಗುವ ಓದುಪುಟವನ್ನು ನಮ್ಮದೇ ಜಾಲತಾಣದಲ್ಲಿ ಮಾಡಿಸಿದೆವು. ಎಪ್ಪತ್ತು ಸಾವಿರ ಹೋಯಿತು, ಮೂರು ಪಾಲು. ಒಂದು ಆಲ್ಬಮ್ಮಿಗೆ ನಾನೂರು ಚಿಲ್ಲರೆ ಪ್ಯಾನಲ್. ಅವುಗಳ ಅಳತೆ ಒಮ್ಮೆ ಗುರುತು ಮಾಡಿದರೆ ಅದೂ ಮೂರು ಭಾಷೆಗೆ ಸಲ್ಲುತ್ತದೆ.

ತೆರಿಗೆ ಮರೆಯಬೇಡಿ. 2018ರಲ್ಲಿ ಇ-ಪುಸ್ತಕದ ಜಿಎಸ್‌ಟಿ 18%ರಿಂದ 5%ಗೆ ಇಳಿಯಿತು, ಆದರೆ ಮುದ್ರಿತ ಪುಸ್ತಕದ ಇ-ರೂಪಕ್ಕೆ ಮಾತ್ರ. ಅದಕ್ಕೇ ಪ್ರತಿ ಆಲ್ಬಮ್ಮಿನ ನೂರೈವತ್ತು ಪ್ರತಿ ಅಚ್ಚು ಹಾಕಿಸುತ್ತೇವೆ. ಅದೂ ಖಾಲಿಯಾಗುತ್ತಿದೆ. ಅಚ್ಚಿನ ಪ್ರತಿ ಕೊಳ್ಳುವವರು ಬೇರೆಯೇ ಜನ, ಕಪಾಟಿನಲ್ಲಿ ಇಡುವವರು.

ನಡುವೆ ಒಂದು ಚೇಷ್ಟೆ ಮಾಡಿದೆ. ಕಥೆಯ ಪತ್ತೇದಾರನ ಸಹಾಯಕನ ಬಾಯಿಗೆ ಧಾರವಾಡದ ಮಾತು ಕೊಟ್ಟೆ. ಬೆಂಗಳೂರಿನ ಕೆಲವರು ಗೊಣಗಿದರು. ಹುಬ್ಬಳ್ಳಿ ಕಡೆಯಿಂದ ಬಂದ ಬೇಡಿಕೆ ನೋಡಿದ ಮೇಲೆ ಅವನನ್ನು ಹಾಗೇ ಬಿಟ್ಟಿದ್ದೇನೆ. ಧ್ವನಿ ಸೇರಿಸುವ ಪ್ರಯೋಗ ಮಾತ್ರ ನೆಲ ಕಚ್ಚಿತು. ಹತ್ತು ಸಾವಿರ ಹೋಯಿತು, ಕೇಳಿದವರು ಬೆರಳೆಣಿಕೆ.

ಒಂದು ಆಲ್ಬಮ್ಮಿಗೆ 79 ರೂಪಾಯಿ ಇಟ್ಟಿದ್ದೇವೆ. ಕನ್ನಡದ್ದು ತಲಾ ಸಾವಿರದ ಇನ್ನೂರರ ಹತ್ತಿರ ಹೋಗಿದೆ, ಮಲಯಾಳದ್ದು ಅದರ ಎರಡರಷ್ಟು. ನಮ್ಮ ಓದುಗರಲ್ಲಿ ಕಾಲು ಭಾಗದಷ್ಟು ಹೊರದೇಶದ ಕನ್ನಡಿಗರು. ಅವರಿಗೆ ಯುಪಿಐ ನಡೆಯದೆ ಕಾರ್ಡಿನ ದಾರಿ ಬೇರೆ ಮಾಡಬೇಕಾಯಿತು.

ಈಗ ಮರಾಠಿಯವರೊಬ್ಬರು ಸೇರುತ್ತೇವೆ ಅಂದಿದ್ದಾರೆ. ಹಳೆಯ ಖಾಲಿ ಪುಟಗಳ ಖರ್ಚಿನಲ್ಲಿ ಅವರ ಪಾಲೆಷ್ಟು ಅನ್ನುವುದೇ ಜಗಳ. ನಾನು ಕಾಲು ಭಾಗ ಸಾಕು ಅನ್ನುತ್ತೇನೆ, ತೆಲುಗಿನವರು ಮೂರರಲ್ಲಿ ಒಂದು ಪಾಲು ಬೇಕೇ ಬೇಕು ಅಂತ ಹಟ ಹಿಡಿದಿದ್ದಾರೆ.