ಜ್ವರ ಬಿಟ್ಟ ಮೇಲೆ ಬೆಳಕು ಚುಚ್ಚುತ್ತಿದೆಯೇ? ಹೀಗೆ ಮಾಡಿ

ಮಳೆಗಾಲದ ಮುಂಬೈಯಲ್ಲಿ ಜ್ವರ, ಕೆಮ್ಮು ಮನೆಮನೆಯಲ್ಲೂ ಇದ್ದದ್ದೇ. ಅದು ವಾಸಿಯಾದ ಬೆನ್ನಿಗೇ ಎರಡೂ ಕಣ್ಣು ಕೆಂಪಾಗಿ, ಬೆಳಕಿಗೆ ಕಣ್ಣು ಬಿಡಲಾಗದಿದ್ದರೆ ‘ಕಣ್ಣು ಬಂದಿದೆ’ ಎಂದು ಕೂರಬೇಡಿ. ಪಾಪೆಯ ಸುತ್ತಲಿನ ಬಣ್ಣದ ಉಂಗುರ, ಅಂದರೆ ಐರಿಸ್, ಬಣ್ಣದ ಕಣಗಳನ್ನು ಉದುರಿಸುತ್ತಿರಬಹುದು. ಅಪರೂಪದ ತೊಂದರೆ. ಟರ್ಕಿಯ ವೈದ್ಯರು 2006ರಲ್ಲಿ ಇದನ್ನು ವಿವರಿಸಿದರು. ಕೆಲವರಿಗೆ ಬಣ್ಣ ಮಾತ್ರ ಮಾಸುತ್ತದೆ. ಇನ್ನು ಕೆಲವರಿಗೆ ಪಾಪೆ ಹಿಗ್ಗಿ ಹಾಗೇ ಉಳಿಯುತ್ತದೆ. ಮಾಕ್ಸಿಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಗುಳಿಗೆ ನುಂಗಿದವರಲ್ಲಿ ಕಂಡದ್ದು ಹೆಚ್ಚಾಗಿ ಈ ಬಗೆ. ಬರೀ ವೈರಲ್ ಜ್ವರದ ನಂತರವೂ ಬಂದದ್ದುಂಟು.

ಮೊದಲು ಕಿಟಕಿ ಬಳಿ ನಿಂತು, ಫ್ಲ್ಯಾಶ್ ಇಲ್ಲದೆ, ಎರಡೂ ಕಣ್ಣಿನ ಫೋಟೊ ತೆಗೆಯಿರಿ. ನಮ್ಮ ಕಡುಕಂದು ಕಣ್ಣು ಬೂದಿ ಬಣ್ಣಕ್ಕೆ ತಿರುಗಿದ್ದರೆ ಹಳೆಯ ಫೋಟೊ ಪಕ್ಕದಲ್ಲಿಟ್ಟಾಗ ಗೊತ್ತಾಗುತ್ತದೆ.

ಆಮೇಲೆ ಮಾತ್ರೆಯ ಸ್ಟ್ರಿಪ್ ಹುಡುಕಿ. ಮೆಡಿಕಲ್ ಅಂಗಡಿಯವರು ಐದು ಗುಳಿಗೆ ಕತ್ತರಿಸಿ ಕೊಟ್ಟಾಗ ಹೆಸರಿದ್ದ ತುಂಡು ಅವರಲ್ಲೇ ಉಳಿದಿರುತ್ತದೆ. ಬಿಲ್ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಜ್ವರ ಬಂದ ದಿನ, ಗುಳಿಗೆ ಶುರುಮಾಡಿದ ದಿನ, ಕಣ್ಣು ಕೆಂಪಾದ ದಿನ ಮೂರನ್ನೂ ಚೀಟಿಯಲ್ಲಿ ಬರೆಯಿರಿ. ಡೊಂಬಿವಲಿಯ ಮಗನ ಮನೆಗೆ ಊರಿಂದ ಬಂದ ಅಮ್ಮನಿಗೆ ಮರಾಠಿ, ಹಿಂದಿ ಬಾರದಿದ್ದರೂ ಆ ಚೀಟಿ ಸಾಕು. ಗುಳಿಗೆ ಇನ್ನೂ ನಡೆಯುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಅಂದೇ ಫೋನ್ ಮಾಡಿ.

ಅಂಗಡಿಯಿಂದ ಸ್ಟೀರಾಯ್ಡ್ ಡ್ರಾಪ್ಸ್ ತಂದು ಹಾಕಿಕೊಳ್ಳುವುದು ಖಂಡಿತ ಬೇಡ. ಅದು ಕಣ್ಣಿನೊಳಗಿನ ಒತ್ತಡ ಏರಿಸಬಲ್ಲದು.

ತಡಮಾಡದೆ ಕಣ್ಣಿನ ಡಾಕ್ಟರರನ್ನು ಕಾಣಿ. ಪರೇಲಿನ ಕೆ.ಇ.ಎಂ., ಭಾಯಖಳದ ಜೆ.ಜೆ. ಆಸ್ಪತ್ರೆಗಳಲ್ಲೂ ಕಣ್ಣಿನ ವಿಭಾಗವಿದೆ. ಡಾಕ್ಟರು ಕಣ್ಣನ್ನು ದೊಡ್ಡದಾಗಿ ನೋಡುವ ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ತೇಲುವ ಬಣ್ಣದ ಕಣಗಳು ಉರಿಯೂತದ ಕಣಗಳಂತೆಯೇ ಕಾಣುವುದರಿಂದ ಯುವೈಟಿಸ್ (ಕಣ್ಣಿನೊಳಗಿನ ಉರಿಯೂತ) ಎಂದು ತಪ್ಪಾಗಿ ತಿಳಿಯುವುದುಂಟು. ಅದಕ್ಕೇ ಜ್ವರದ, ಗುಳಿಗೆಯ ವಿಷಯ ಅವರು ಕೇಳದಿದ್ದರೂ ಹೇಳಿ. ಒತ್ತಡ ಅಳೆಯಲು ಮರೆಯದೆ ಕೇಳಿಕೊಳ್ಳಿ: ಸಾಮಾನ್ಯವಾಗಿ ಅದು 10ರಿಂದ 21 ಮಿ.ಮೀ. ಪಾದರಸದಷ್ಟು. ಉದುರಿದ ಕಣಗಳು ಬಚ್ಚಲ ಜಾಲರಿಗೆ ಕಸ ಕಟ್ಟಿದಂತೆ ಕಣ್ಣಿನೊಳಗಿನ ನೀರು ಹರಿದುಹೋಗುವ ದಾರಿಯನ್ನು ಕಟ್ಟಿದರೆ ಒತ್ತಡ ಏರುತ್ತದೆ. ನನಗೆ ಬಣ್ಣಕ್ಕಿಂತ ಈ ಒತ್ತಡದ ಚಿಂತೆಯೇ ಹೆಚ್ಚು, ಏಕೆಂದರೆ ದೃಷ್ಟಿನರಕ್ಕೆ ಆದ ಹಾನಿ ಮರಳಿ ಸರಿಹೋಗದು.

ಬಣ್ಣ ಮಾತ್ರ ಮಾಸಿದವರಲ್ಲಿ ತೊಂದರೆ ತಾನಾಗಿಯೇ ತಗ್ಗುವುದೇ ಹೆಚ್ಚು. ಕೆಲವರಿಗೆ ಬಣ್ಣವೂ ಮರಳುತ್ತದೆ. ಪಾಪೆ ಕುಗ್ಗದವರು ಹೊರಗೆ ತಂಪು ಕನ್ನಡಕ ಹಾಕಬೇಕು. ಕೆಂಪು ಇಳಿದರೂ ಡಾಕ್ಟರ್ ಹೇಳಿದ ದಿನಕ್ಕೆ ಹೋಗಿ ಒತ್ತಡ ಅಳೆಸಿಕೊಳ್ಳಿ.