ಆನ್‌ಲೈನ್ ಚೆಸ್‌ನಲ್ಲಿ ಚಾಟ್ ಮಾಡುವ ಮುಂಚೆ
ಆಟ ಶುರುವಾದಾಗ ಒಂದು ಹಾಯ್, ಮುಗಿದ ಮೇಲೆ ಒಂದು ಥ್ಯಾಂಕ್ಸ್, ಅಷ್ಟು ಸಾಕು. ಮಧ್ಯೆ ಮಾತು ಬೇಡ, ಅದರಲ್ಲೂ 3 ನಿಮಿಷದ ಬ್ಲಿಟ್ಜ್‌ನಲ್ಲಿ (ತುಂಬಾ ವೇಗದ ಆಟದಲ್ಲಿ) ನಿಮ್ಮ ಮೆಸೇಜ್ ಓದುವಷ್ಟರಲ್ಲಿ ಎದುರಿನವರ ಗಡಿಯಾರ ಓಡುತ್ತಲೇ ಇರುತ್ತದೆ. ಮೊನ್ನೆ ನಾನು ಸುಮ್ನೆ ರಾಣಿ ಕಳೆದುಕೊಂಡೆ, ತಕ್ಷಣ ಆ ಕಡೆಯಿಂದ ‘ಜಿಜಿ’ ಬಂತು. ಜಿಜಿ, ಅಂದರೆ ಗುಡ್ ಗೇಮ್, ಅನ್ನುವುದು ಒಳ್ಳೆ ಮಾತೇ, ಆದರೆ ಆಟ ಮುಗಿಯುವ ಮೊದಲೇ ಹೇಳಿದರೆ ‘ಸೋತಾಯ್ತು, ಏಳು’ ಅಂದ ಹಾಗೆ ಕೇಳಿಸುತ್ತದೆ, ಅಲ್ವಾ? (ನಾನು ಏಳಲಿಲ್ಲ, ಸ್ಟೇಲ್‌ಮೇಟ್, ಅಂದರೆ ಚೆಕ್ ಇಲ್ಲದಿದ್ದರೂ ಆಡಲು ಒಂದು ನಡೆಯೂ ಉಳಿಯದೆ ಡ್ರಾ ಆಗಿ, ಅರ್ಧ ಪಾಯಿಂಟ್ ಸಿಕ್ಕಿತು.)

ಡ್ರಾ ಕೂಡ ಒಮ್ಮೆ ಬೇಡ ಅಂದ ಮೇಲೆ ಪದೇ ಪದೇ ಕೇಳಬೇಡಿ. ಹಾಗೆ ಪೀಡಿಸುವುದನ್ನು ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮ 11.5 ಕೂಡ ಒಪ್ಪುವುದಿಲ್ಲ. ಯಾರಾದರೂ ಬೈದರೆ ಉತ್ತರ ಕೊಡಲು ಹೋಗಬೇಡಿ, ಚಾಟ್ ಆಫ್ ಮಾಡಿ ಆಡಿ, ಮುಗಿದ ಮೇಲೆ ರಿಪೋರ್ಟ್ ಮಾಡಿ.